ಶುಗರ್ ಬಂದಿದೆ ಅಂದಮೇಲೆ ಯಾವ ಹೊತ್ತಿಗೆ ಚುಚ್ಚಿ ನೋಡೋದು?

ಕೇಳಿದವರು: ತಿಪಟೂರು, 47 ವರ್ಷ

ಪಾದ ಉರಿ ಅಂತ ತೋರಿಸೋಕೆ ಹೋದವನಿಗೆ ಹೋದ ತಿಂಗಳು ಟೈಪ್ 2 ಶುಗರ್ ಅಂತ ಗೊತ್ತಾಯ್ತು. ಖಾಲಿ ಹೊಟ್ಟೆಗೆ 148, ಊಟ ಆದಮೇಲೆ 236, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 7.6. ಮೆಟ್‌ಫಾರ್ಮಿನ್ 500 ಬೆಳಿಗ್ಗೆ ಒಂದು, ರಾತ್ರಿ ಒಂದು. ತಂಗಿ ಮಗ ಗ್ಲುಕೋಮೀಟರ್ ತಂದುಕೊಟ್ಟ. ಹುಚ್ಚು ಹಿಡಿದವನ ಹಾಗೆ ದಿನಕ್ಕೆ ಆರೇಳು ಸಲ ಚುಚ್ಚಿಕೊಂಡೆ, ಐವತ್ತು ಸ್ಟ್ರಿಪ್ ಎಂಟು ದಿನಕ್ಕೆ ಖಾಲಿ. ಬರೆದಿಟ್ಟ ನಂಬರುಗಳಿಗೆ ತಲೆಬುಡ ಇಲ್ಲ. ಡಾಕ್ಟರು "ಆಗಾಗ ನೋಡ್ಕೊಳ್ಳಿ" ಅಂದ್ರು. ಆಗಾಗ ಅಂದ್ರೆ ಯಾವಾಗ ಅಂತ ಕೇಳೋಣ ಅಂದ್ರೆ ಹಿಂದೆ ಇಪ್ಪತ್ತು ಜನ ನಿಂತಿದ್ರು. ಅನುಭವ ಇರೋರು ಹೇಳಿ.

ಮೈಸೂರು, ನಿವೃತ್ತ ಮೇಷ್ಟ್ರು, ಸಕ್ಕರೆ ಕಾಯಿಲೆಗೆ 14 ವರ್ಷ

ನಿಮ್ಮ ನಂಬರಿಗೆ ತಲೆಬುಡ ಇಲ್ಲದಿರೋದಕ್ಕೆ ಕಾರಣ, ಅವು ಒಂಟಿ ನಂಬರುಗಳು. ಸಂಜೆ ನಾಲ್ಕಕ್ಕೆ 172 ಅಂತ ಬಂದ್ರೆ ಅದರಿಂದ ಏನು ತಿಳೀತು? ಮಧ್ಯಾಹ್ನದ ಅನ್ನದ್ದೋ, ಮೂರೂವರೆಗೆ ಕುಡಿದ ಕಾಫಿದೋ, ಬೆಳಗ್ಗಿಂದ ಹಾಗೇ ಇತ್ತೋ? ನಾನೂ ಮೊದಲ ವರ್ಷ ಹೀಗೇ ದುಡ್ಡು ಸುರಿದೆ. ಆಮೇಲೆ ಒಬ್ಬ ಡಯಟಿಷಿಯನ್ ಜೋಡಿ ಲೆಕ್ಕ ಹೇಳಿಕೊಟ್ಟರು. ಒಂದು ಊಟ ಆರಿಸ್ಕೊಳ್ಳಿ. ತಟ್ಟೆ ಮುಂದೆ ಕೂತಾಗ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿಂದ ಎರಡು ಗಂಟೆಗೆ ಇನ್ನೊಮ್ಮೆ. ಕೈ ತೊಳೆದ ಹೊತ್ತಿಂದ ಅಲ್ಲ, ಮೊದಲ ತುತ್ತಿಂದ. ನಾನು ಗಡಿಯಾರ ನೋಡಿ ಗೋಡೆ ಕ್ಯಾಲೆಂಡರಿನ ಮೂಲೇಲಿ ಬರ್ಕೋತಿದ್ದೆ.

ಎರಡರ ನಡುವಿನ ಏರಿಕೆ ನೋಡಿ. ಸಾಮಾನ್ಯವಾಗಿ ಡಾಕ್ಟರುಗಳು ಹೇಳೋ ಗುರಿ: ಊಟಕ್ಕೆ ಮೊದಲು 80ರಿಂದ 130, ಊಟ ಆಗಿ ಎರಡು ಗಂಟೆಗೆ 180ರ ಒಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರೋರಿಗೆ ಸ್ವಲ್ಪ ಸಡಿಲ ಬಿಡ್ತಾರೆ. ನಿಮ್ಮದು ಎಷ್ಟು ಅಂತ ಕೇಳ್ಕೊಳ್ಳಿ.

ನನಗೆ ಕಣ್ಣು ತೆರೆಸಿದ್ದು ರಾಗಿಮುದ್ದೆ. ರಾಗಿ ತಿಂದ್ರೆ ಶುಗರ್ ಏರಲ್ಲ ಅಂತ ಮನೇಲಿ ಎಲ್ಲರೂ ಹೇಳಿ ದಿನಾ ಎರಡು ದೊಡ್ಡ ಮುದ್ದೆ ಹಾಕೋರು. ಜೋಡಿ ನೋಡಿದೆ: 124, ಆಮೇಲೆ 219. ರಾಗೀಲೂ ಪಿಷ್ಟ ಇದ್ದೇ ಇದೆಯಲ್ಲ! ಮಾರನೇ ವಾರ ಒಂದೇ ಮುದ್ದೆ, ಜೊತೆಗೆ ಬಸ್ಸಾರು, ಎರಡು ಸೌಟು ಪಲ್ಯ: 128, ಆಮೇಲೆ 171. ಮುದ್ದೆ ಬಿಡಬೇಕಾಗಿ ಬರಲಿಲ್ಲ, ಗಾತ್ರ ಇಳೀತು. ನಮ್ಮನೆಯವರಿಗೆ ಇವತ್ತಿಗೂ ಆ ಮೀಟರ್ ಮೇಲೆ ಕೋಪ.

ಸೋಮವಾರ ತಿಂಡಿ, ಬುಧವಾರ ಮಧ್ಯಾಹ್ನದ ಊಟ, ಶನಿವಾರ ರಾತ್ರಿ ಊಟ, ಹೀಗೆ ಸರದಿ ಮಾಡ್ಕೊಳ್ಳಿ. ವಾರಕ್ಕೆ ಆರು ಸ್ಟ್ರಿಪ್.

ಧಾರವಾಡ

ಮೇಷ್ಟ್ರು ಹೇಳಿದ್ದು ಖರೆ. ಆದ್ರ ಗುಳಿಗಿ ಯಾವುದು ಅನ್ನೋದ್ರ ಮ್ಯಾಲೂ ಹೊತ್ತು ಬ್ಯಾರೆ ಆಗ್ತೈತಿ ನೋಡ್ರಿ. ನಮ್ಮ ಅವ್ವಗ ಮೆಟ್‌ಫಾರ್ಮಿನ್ ಜೋಡಿ ಗ್ಲಿಮೆಪಿರೈಡ್ ಐತಿ. ಶ್ರಾವಣ ಸೋಮವಾರ ಉಪವಾಸ ಮಾಡಿದ್ಲು, ಗುಳಿಗಿ ಮಾತ್ರ ತಪ್ಪದ ನುಂಗಿದ್ಲು. ಹನ್ನೊಂದರ ಸುಮಾರಿಗೆ ಮೈಯೆಲ್ಲಾ ಬೆವರು, ಕೈ ಗಡಗಡ. ಉಪವಾಸದ ನಿಶ್ಶಕ್ತಿ ಅಂತ ನಾವು ಸುಮ್ಮನ ಕುಂತಿದ್ವಿ. ತಮ್ಮ ಚುಚ್ಚಿ ನೋಡಿದ್ರ 54! ಲಗೂನ ಮೂರು ಚಮಚ ಸಕ್ರಿ ನೀರಾಗ ಕಲಿಸಿ ಕುಡಿಸಿದ್ವಿ, ಹದಿನೈದು ನಿಮಿಷ ಬಿಟ್ಟು ಮತ್ತ ನೋಡಿದ್ವಿ, 83 ಬಂತು. ಆಮ್ಯಾಲೆ ಊಟ ಹಾಕಿದ್ವಿ.

70ಕ್ಕಿಂತ ಕೆಳಗ ಅಂದ್ರ ಅದು ಲೋ ಶುಗರ್. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಇನ್ಸುಲಿನ್ ಇದ್ದವ್ರು ನಡುಕ, ಬೆವರು, ಒಮ್ಮಿಂದೊಮ್ಮೆಲೆ ಹಸಿವು ಆದ ಕೂಡ್ಲೆ ನೋಡಬೇಕ್ರಿ. ಗಾಡಿ ಹೊಡಿಯೂ ಮೊದಲೂ ನೋಡಬೇಕು. ಮೆಟ್‌ಫಾರ್ಮಿನ್ ಒಂದ ಇದ್ದವ್ರಿಗೆ ಹಿಂಗಾಗೂದು ಅಪರೂಪ. ನಿಮಗ ಸದ್ಯಕ್ಕ ಆ ಹೆದರಿಕಿ ಬ್ಯಾಡ ಅಣ್ಣಾರ.

ದಾವಣಗೆರೆ

ಎಲ್ಲರೂ ಚುಚ್ಚಿ ಚುಚ್ಚಿ ಅಂತಿದ್ದೀರಿ, ನಾನು ಉಲ್ಟಾ ಹೇಳ್ತೀನಿ. ನನಗೂ ಮೆಟ್‌ಫಾರ್ಮಿನ್ ಒಂದೇ. ನಾಲ್ಕು ವರ್ಷದಿಂದ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಈಗ ಒಂದೇ ಸಮ ಇರೋದಕ್ಕೆ ಆರು ತಿಂಗಳಿಗೊಮ್ಮೆ. ಮೀಟರ್ ಬೀರುವಿನಲ್ಲಿ ಮಲಗಿದೆ. ಜ್ವರ ಬಂದಾಗ ತೆಗೀತೀನಿ, ಮಂಡಿನೋವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಾಗ ಒಂದು ವಾರ ತೆಗೆದಿದ್ದೆ, ಆಗ 300 ದಾಟಿತ್ತು. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಸರಿ ಮಾಡಿಸ್ಕೊಂಡೆ.

ಮೈಸೂರು, ಮೇಷ್ಟ್ರು

ದಾವಣಗೆರೆಯವರ ಮಾತು ತಪ್ಪಲ್ಲ, ನಾಲ್ಕು ವರ್ಷ ಪಳಗಿದವರಿಗೆ ಸರಿ. ಇವರಿನ್ನೂ ಹೊಸಬರು, ಯಾವ ಊಟ ಏನು ಮಾಡುತ್ತೆ ಅಂತ ತಿಳಿಯೋವರೆಗೆ ಎರಡು ಮೂರು ತಿಂಗಳು ನೋಡ್ಲಿ. ಇನ್ನೊಂದು, ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತೆ.

ಉಡುಪಿ, ಲ್ಯಾಬಿನಲ್ಲಿ ಕೆಲಸ

ಯಾವಾಗ ಚುಚ್ಚುವುದು ಅಂತ ಹೇಳಿದಿರಿ, ಕೈ ತೊಳೆಯಲಿಕ್ಕೆ ಯಾರೂ ಹೇಳಲಿಲ್ಲ ಮಾರಾಯ್ರೆ. ಮಾವಿನಹಣ್ಣು ಹೆಚ್ಚಿದ ಕೈಯನ್ನು ಬೈರಾಸಿಗೆ ಒರೆಸಿ ಚುಚ್ಚಿಕೊಂಡವರೊಬ್ಬರು 280 ಅಂತ ಹೆದರಿ ಓಡಿ ಬಂದದ್ದುಂಟು. ಸೋಪು ಹಾಕಿ ತೊಳೆಸಿ ನೋಡಿದರೆ 150. ಬೆರಳ ತುದಿಗೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಹಾಕಿ, ನಮ್ಮ ಮಳೆಗಾಲದ ತೇವಕ್ಕೆ ಹಾಳಾಗ್ತದೆ.

ಮತ್ತೆ, ಲ್ಯಾಬಿನಲ್ಲಿ 150 ಬಂದಾಗ ನಿಮ್ಮ ಮೀಟರ್ 130 ತೋರಿಸಿದರೂ 170 ತೋರಿಸಿದರೂ ಅದು ಕೆಟ್ಟಿದೆ ಅಂತ ಅಲ್ಲ. ನೂರಕ್ಕೆ ಹದಿನೈದರಷ್ಟು ಆಚೀಚೆ ಆಗ್ಲಿಕ್ಕುಂಟು. 142 ಇದ್ದದ್ದು 149 ಆಯ್ತು ಅಂತ ನಿದ್ದೆ ಕೆಡಿಸಬೇಡಿ.

ಕೇಳಿದವರು: ತಿಪಟೂರು

ಎಲ್ಲರಿಗೂ ಋಣಿ. ಇನ್ನೊಂದು ಅನುಮಾನ. ರಾತ್ರಿ ಮಲಗೋವಾಗ 128 ಇರುತ್ತೆ, ಏನೂ ತಿನ್ನದೆ ಬೆಳಗ್ಗೆ ಎದ್ರೆ 151. ಇದೆಲ್ಲಿಂದ ಬಂತು? ಹೆಂಡತಿ ನಾನು ರಾತ್ರಿ ಅಡುಗೆಮನೆಗೆ ಹೋಗಿದ್ದೆ ಅಂತಾಳೆ.

ಬೆಂಗಳೂರು, ರಾತ್ರಿ ಪಾಳಿ

ಅಕ್ಕನಿಗೆ ಹೇಳಿ, ಕಳ್ಳ ನಿಮ್ಮ ಲಿವರ್. ಬೆಳಗಿನ ಜಾವ ದೇಹ ಏಳೋಕೆ ತಯಾರಾಗ್ತಾ ಕಾರ್ಟಿಸೋಲ್ ಥರದ ಹಾರ್ಮೋನು ಏರುತ್ತವೆ, ಲಿವರ್ ಕೂಡಿಟ್ಟ ಸಕ್ಕರೇನ ರಕ್ತಕ್ಕೆ ಬಿಡುತ್ತೆ. ನಮ್ಮಂಥವರಲ್ಲಿ ಇನ್ಸುಲಿನ್ ಅದನ್ನ ಸರಿಯಾಗಿ ತಡೆಯಲ್ಲ. ಇದಕ್ಕೆ ಹೆದರಿ ರಾತ್ರಿ ಊಟ ಬಿಡಬೇಡಿ, ನಾನು ಬಿಟ್ಟು ನೋಡಿದೆ, ಪ್ರಯೋಜನ ಆಗ್ಲಿಲ್ಲ. ರಾತ್ರಿ, ಬೆಳಗ್ಗೆ ಎರಡೂ ನಂಬರು ಮೂರ್ನಾಲ್ಕು ದಿನ ಬರೆದು ಡಾಕ್ಟರಿಗೆ ತೋರಿಸಿ.

ಅಂದಹಾಗೆ ನನ್ನ ಥರ ಬೆಳಗ್ಗೆ ಒಂಬತ್ತಕ್ಕೆ ಮಲಗೋರಿಗೆ ಫಾಸ್ಟಿಂಗ್ ಅಂದ್ರೆ ಸಂಜೆ ಐದಕ್ಕೆ ಎದ್ದಾಗ. ಎಂಟು ಗಂಟೆ ಏನೂ ತಿಂದಿರಬಾರದು, ಅಷ್ಟೇ ಲೆಕ್ಕ. ಇದು ತಿಳಿಯೋಕೆ ನನಗೆ ಒಂದು ವರ್ಷ ಬೇಕಾಯ್ತು.

ಕೇಳಿದವರು: ತಿಪಟೂರು, ಹತ್ತು ದಿನದ ನಂತರ

ಮೇಷ್ಟ್ರೇ, ಜೋಡಿ ಲೆಕ್ಕ ಶುರು ಮಾಡಿದೆ. ಐದು ಇಡ್ಲಿ, ಕಾಯಿ ಚಟ್ನಿ: 133, ಎರಡು ಗಂಟೆಗೆ 224. ಇವತ್ತು ಮೂರು ಇಡ್ಲಿ, ಒಂದು ಬಟ್ಟಲು ತರಕಾರಿ ಸಾಂಬಾರು, ತಿಂದು ತೋಟದಲ್ಲಿ ಕಾಲು ಗಂಟೆ ಓಡಾಡಿದೆ: 130, 176. ಹೆಂಡತಿ ಮಿಕ್ಕ ಎರಡು ಇಡ್ಲಿ ತಾನು ತಿಂದು, ಈಗ ತನಗೂ ಚುಚ್ಚಿ ನೋಡು ಅಂತಿದ್ದಾಳೆ.

ಉಡುಪಿ, ಲ್ಯಾಬಿನಲ್ಲಿ ಕೆಲಸ

ನೋಡಿ, ಆದರೆ ಸೂಜಿ ಬೇರೆ ಹಾಕಿ. ನಿಮ್ಮದನ್ನೇ ಅವರಿಗೆ ಹಾಕಬೇಡಿ.