ಅಳಿಯಾ, ಸ್ಕಿಮ್ಮರ್ ದುಡ್ಡು ಸದ್ಯ ಇಟ್ಟುಕೋ

ಅಳಿಯಾ, ನಿನ್ನ ಮೆಸೇಜ್ ರಾತ್ರಿಯೇ ಕೇಳಿದೆ. ಟೈಪ್ ಮಾಡುತ್ತ ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಗ್ರೂಪ್‌ನಲ್ಲಿ ಮೀನಿನ ಗೊಡವೆ ಇಲ್ಲದವರು ಮುಂದಿನ ಮೆಸೇಜಿಗೆ ಹೋಗಿಬಿಡಿ, ನನಗೇನೂ ಬೇಜಾರಿಲ್ಲ.

ನೀನು ಕೇಳಿದ್ದು ಇಷ್ಟೇ ಅಲ್ವಾ? 60 ಲೀಟರ್ ಉಪ್ಪುನೀರಿನ ಟ್ಯಾಂಕ್, ಎರಡು ಕ್ಲೌನ್ ಮೀನು, ಒಂದಿಷ್ಟು ಕಲ್ಲು. ಪ್ರೋಟೀನ್ ಸ್ಕಿಮ್ಮರ್ ಇಲ್ಲದಿದ್ದರೆ ಮೀನು ಬದುಕಲ್ಲ, ಅದು ನೈಟ್ರೇಟ್ ತೆಗೆಯುತ್ತದೆ, 6,000 ರೂಪಾಯಿ ಅಂತ ಅಂಗಡಿಯವರು ಹೇಳಿದರು. ತಗೊಳ್ಳಲಾ, ಬೇಡ್ವಾ?

ಬೇಡ. ಈಗಂತೂ ಬೇಡ. ಆದರೆ ಒಂದು ಷರತ್ತಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಅದು ಏನು ಮಾಡುತ್ತದೆ ಕೇಳು. ಮಹಾಲಿಂಗಪುರದ ಕಡೆ ಬೆಲ್ಲದ ಗಾಣ ನೋಡಿದ್ದೀಯಲ್ಲ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡಿ ಗಿಡದ ಲೋಳೆ ಹಾಕುತ್ತಾರೆ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ದೊಡ್ಡ ಜಾಲರಿ ಸೌಟಿನಿಂದ ಎತ್ತಿ ಚೆಲ್ಲುತ್ತಾರೆ. ಸ್ಕಿಮ್ಮರ್ ಕೆಲಸವೂ ಹೆಚ್ಚುಕಡಿಮೆ ಇದೇ, ಬೆಂಕಿ ಇಲ್ಲ ಅಷ್ಟೇ. ಒಂದು ಕೊಳವೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಬಿಡುತ್ತದೆ. ನೀರಿನಲ್ಲಿ ಕರಗಿದ ತಿಂಡಿಯ ರಸ, ಮೀನಿನ ಲೋಳೆ, ಹೊಲಸು ಆ ಗುಳ್ಳೆಗೆ ಅಂಟಿಕೊಂಡು ಮೇಲೇರುತ್ತದೆ. ಮೇಲಿನ ಕಪ್‌ನಲ್ಲಿ ಕಡಕ್ ಚಹಾದಂಥ ನೀರು ಕೂಡುತ್ತದೆ. ವಾಸನೆ ಮಾತ್ರ ಕೇಳಬೇಡ. ಉಪ್ಪುನೀರಿನಲ್ಲಿ ಗುಳ್ಳೆ ಒಂದಕ್ಕೊಂದು ಕೂಡಿ ದೊಡ್ಡದಾಗುವುದಿಲ್ಲ, ಸಣ್ಣದಾಗಿಯೇ ಇರುತ್ತದೆ, ಹೀಗಾಗಿ ಇದು ನಡೆಯುತ್ತದೆ. ಸಿಹಿನೀರಿನಲ್ಲಿ ಸರಿಯಾಗಿ ಆಗಲ್ಲ. ನಿನ್ನ ಹಳೆಯ ಗೋಲ್ಡ್‌ಫಿಶ್ ಟ್ಯಾಂಕಿಗೆ ಯಾರೂ ಸ್ಕಿಮ್ಮರ್ ಹೇಳಿರಲಿಲ್ಲ, ನೆನಪಿದೆಯಾ?

ಅಂಗಡಿಯವರ ಮಾತು ಅರ್ಧ ನಿಜ. ಸ್ಕಿಮ್ಮರ್ ಹೊಲಸನ್ನು ಕೊಳೆಯುವ ಮೊದಲೇ ತೆಗೆಯುತ್ತದೆ. ಕೊಳೆತು ಅಮೋನಿಯಾ ಆಗಿ, ನೈಟ್ರೈಟ್ ಆಗಿ, ನೈಟ್ರೇಟ್ ಆದ ಮೇಲೆ ಅದರ ಕೈಯಲ್ಲಿ ಏನೂ ಆಗಲ್ಲ. ಆಗಿಹೋದ ನೈಟ್ರೇಟ್ ಇಳಿಸಬೇಕಂದ್ರೆ ನಿನ್ನಂಥ ಟ್ಯಾಂಕಿಗೆ ಸುಲಭದ ದಾರಿ ನೀರು ಬದಲಿಸುವುದು.

ಈಗ ಲೆಕ್ಕ ನೋಡು. ವಾರಕ್ಕೆ ನೂರಕ್ಕೆ 10 ಭಾಗ ಅಂದ್ರೆ 6 ಲೀಟರ್. ಅರ್ಧ ಬಕೆಟ್ಟೂ ಆಗಲ್ಲ! ಲೀಟರಿಗೆ 35 ಗ್ರಾಂ ಚಿಲ್ಲರೆ ಉಪ್ಪು ಹಿಡಿದರೂ ತಿಂಗಳಿಗೆ ಒಂದು ಕಿಲೋದ ಆಸುಪಾಸು. ಅಕ್ವೇರಿಯಂ ಉಪ್ಪು ಮತ್ತೆ, ಅಡುಗೆಯದ್ದಲ್ಲ. ಅದೇ 400 ಲೀಟರ್ ಟ್ಯಾಂಕ್ ಇದ್ದವನು ಪ್ರತಿ ವಾರ 40 ಲೀಟರ್ ಹೊರಬೇಕು, ಅವನು ಸ್ಕಿಮ್ಮರ್ ಕೊಂಡರೆ ಅರ್ಥವಿದೆ. ನಿನ್ನದು ಸಣ್ಣದು, ಅದೇ ನಿನ್ನ ಅನುಕೂಲ.

ನಾನು ತಗೊಂಡಿದ್ದೆ, ಗೊತ್ತಾ? ಇಲ್ಲೇ ಬೆಳಗಾವಿಯಲ್ಲಿ, ನನ್ನ ಮೊದಲ ಟ್ಯಾಂಕಿಗೆ, ಅದೂ 50 ಲೀಟರ್ ಇರಬಹುದು. ಒಂದು ವಾರ ನೊರೆಯೇ ಬರಲಿಲ್ಲ. ಕೆಟ್ಟದ್ದು ಕೊಟ್ಟಿದ್ದಾರೆ ಅಂತ ಜಗಳಕ್ಕೆ ಹೊರಟಿದ್ದೆ. ಹೊಸ ಸ್ಕಿಮ್ಮರ್ ಪಳಗಲು ದಿನ ಹಿಡಿಯುತ್ತದೆ ಅಂತ ಆಮೇಲೆ ತಿಳಿಯಿತು. ಅದು ಪಳಗಿದ ಮೇಲೆ ತಲೆಗೆ ಎಣ್ಣೆ ಹಚ್ಚಿದ ಕೈಯನ್ನೇ ಟ್ಯಾಂಕಿಗೆ ಹಾಕಿದೆ, ಮತ್ತೆ ನೊರೆ ಬಂದ್. ಇನ್ನೊಂದು ಸಲ ಕಲ್ಲಿಗೆ ಕೋರಲ್ ಅಂಟಿಸಲು ಎಪಾಕ್ಸಿ ಮೆತ್ತಿ ಮಲಗಿದೆ. ಬೆಳಗ್ಗೆ ಎದ್ದು ಕಾಲಿಟ್ಟರೆ ಹಾಲ್ ತುಂಬ ಉಪ್ಪುನೀರು. ಎಪಾಕ್ಸಿ ಬಿದ್ದರೆ ಹುಚ್ಚು ನೊರೆ ಬರುತ್ತದಂತೆ, ಕಪ್ ತುಂಬಿ ಹರಿದಿತ್ತು. ನಿನ್ನ ಅತ್ತೆ ಅವತ್ತು ಒಂದು ಮಾತೂ ಆಡಲಿಲ್ಲ, ಸುಮ್ನೆ ಒರೆಸುವ ಬಟ್ಟೆ ತಂದು ನನ್ನ ಕಾಲ ಹತ್ತಿರ ಇಟ್ಟು ಹೋದಳು. ಕಪ್‌ನ ನೀರನ್ನು ಒಳ್ಳೆಯ ಗೊಬ್ಬರ ಅಂತ ವಾರಗಟ್ಟಲೆ ಕರಿಬೇವಿಗೆ ಹಾಕಿದ್ದೂ ನಾನೇ. ಉಪ್ಪು ಅನ್ನುವುದೇ ತಲೆಗೆ ಹೋಗಿರಲಿಲ್ಲ. ಗಿಡ ಒಣಗಿತು.

ಒಂದು ನಿಮಿಷ... ಕುಕ್ಕರ್ ಸೀಟಿ ಹೊಡೆಯುತ್ತಿದೆ. ಹಾಂ, ಆರಿಸಿದೆ.

ಸ್ಕಿಮ್ಮರ್‌ನಿಂದ ಉಪಯೋಗವೇ ಇಲ್ಲ ಅಂತಲ್ಲ. ನೀರಿಗೆ ಗಾಳಿ ಚೆನ್ನಾಗಿ ಬೆರೆಸುತ್ತದೆ. ನಿಮ್ಮ ವಿಜಯಪುರದ ಬೇಸಿಗೆಯಲ್ಲಿ ಅದು ದೊಡ್ಡ ಮಾತೇ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ಆದರೆ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಆ ದುಡ್ಡಿನಲ್ಲಿ ಒಂದು ಸಣ್ಣ ಭಾಗ ಕೊಟ್ಟು ಬ್ಯಾಟರಿ ಏರ್ ಪಂಪ್ ತಂದಿಡು. ಒಳಗಿನ ಪಂಪ್‌ನ ಮೂತಿ ಸ್ವಲ್ಪ ಮೇಲಕ್ಕೆ ತಿರುಗಿಸು, ನೀರಿನ ಮೇಲ್ಭಾಗ ಅಲುಗಾಡುತ್ತಿರಲಿ. ಮೇಲೆ ಎಣ್ಣೆಯಂಥ ಪೊರೆ ಕಟ್ಟುವುದೂ ಅದರಿಂದಲೇ ಕಡಿಮೆಯಾಗುತ್ತದೆ. ಏಪ್ರಿಲ್, ಮೇನಲ್ಲಿ ಸಣ್ಣ ಫ್ಯಾನ್ ಹಚ್ಚು. ಫ್ಯಾನ್ ಹಚ್ಚಿದರೆ ನೀರು ಬೇಗ ಆವಿಯಾಗಿ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ದಿನಾ ತುಂಬಿಸುವಾಗ ಬರೀ ಆರ್‌ಓ ನೀರು ಹಾಕು, ಉಪ್ಪುನೀರು ಹಾಕಬೇಡ. ಬೋರ್ ನೀರಂತೂ ಬೇಡವೇ ಬೇಡ. ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಸಾಂದ್ರತೆಯಿಂದ ತೋರಿಸುವ ಮೀಟರ್ 1.025 ಹತ್ತಿರ ನಿಂತಿರಲಿ.

ಈಗ ಆ ಷರತ್ತು. ವಾರಕ್ಕೊಮ್ಮೆ ನೀರು ಬದಲಿಸಬೇಕು ಅಂದ್ರೆ ವಾರಕ್ಕೊಮ್ಮೆಯೇ. ಪರೀಕ್ಷೆ ಇತ್ತು, ಮದುವೆಗೆ ಹೋಗಿದ್ದೆ, ಈ ಕಥೆ ಮೀನಿಗೆ ತಿಳಿಯಲ್ಲ. ಹತ್ತಿಯ ಫಿಲ್ಟರ್ ಮೂರು ನಾಲ್ಕು ದಿನಕ್ಕೊಮ್ಮೆ ತೆಗಿ, ಅದರಲ್ಲಿ ಸಿಕ್ಕ ಹೊಲಸು ಅಲ್ಲೇ ಇದ್ದರೆ ಅಲ್ಲೇ ಕೊಳೆಯುತ್ತದೆ. ತಿಂಡಿ ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ಅಕ್ಕಾ, ನೀನೂ ಕೇಳುತ್ತಿದ್ದರೆ ನಿನಗೂ ಹೇಳುತ್ತಿದ್ದೇನೆ, ಪಾಪ ಹಸಿದಿದೆ ಅಂತ ಮಧ್ಯಾಹ್ನ ಮತ್ತೊಂದು ಚಿಟಿಕೆ ಹಾಕಬೇಡ. ಮೀನಿಗೆ ಯಾವಾಗ ನೋಡಿದರೂ ಹಸಿವೇ.

ಇಷ್ಟೆಲ್ಲ ಎರಡು ತಿಂಗಳು ಮಾಡು, ವಾರಕ್ಕೊಮ್ಮೆ ನೈಟ್ರೇಟ್ ಟೆಸ್ಟ್ ಮಾಡಿ ನಂಬರ್ ಬರೆದಿಡು. 20 ಪಿಪಿಎಂ, ಅಂದ್ರೆ ಲೀಟರಿಗೆ ಸುಮಾರು 20 ಮಿಲಿಗ್ರಾಂ, ಅದರ ಕೆಳಗೇ ನಿಂತರೆ ಸ್ಕಿಮ್ಮರ್ ಮಾತೇ ಬೇಡ. ಸರಿಯಾಗಿ ನೀರು ಬದಲಿಸಿದರೂ ಏರುತ್ತಲೇ ಹೋದರೆ, ಅಥವಾ ನಿನಗೆ ಇನ್ನೂ ಮೂರು ಮೀನು ಬೇಕು ಅನಿಸಿದರೆ, ಆಗ ನನಗೆ ಫೋನ್ ಮಾಡು. 60 ಲೀಟರಿಗೆ ಹೊಂದುವ ಸಣ್ಣದನ್ನೇ ನೋಡೋಣ. ದೊಡ್ಡ ಸ್ಕಿಮ್ಮರ್ ತಂದರೆ ಅದಕ್ಕೆ ಸಾಕಾಗುವಷ್ಟು ಹೊಲಸೇ ನಿನ್ನ ನೀರಿನಲ್ಲಿ ಇರಲ್ಲ, ನೊರೆ ಒಂದು ದಿನ ಬರುತ್ತದೆ, ನಾಲ್ಕು ದಿನ ಬರಲ್ಲ.

ಹಾಂ, ಮರೆತಿದ್ದೆ. ಉಪ್ಪುನೀರು ಕಲಸಲು ಒಂದು ಹೊಸ ಬಕೆಟ್ ತಗೋ, 6 ಲೀಟರಿಗೆ ಮಾರ್ಕರ್‌ನಿಂದ ಗೆರೆ ಎಳೆ. ಹಿಂದಿನ ರಾತ್ರಿಯೇ ಕಲಸಿಡು. ಬಕೆಟ್ ಮೇಲೆ ದೊಡ್ಡದಾಗಿ 'ಮೀನಿನದು' ಅಂತ ಬರಿ, ಇಲ್ಲಾಂದ್ರೆ ಅಕ್ಕ ಅದರಲ್ಲೇ ಸೋಪಿನ ಪುಡಿ ಹಾಕಿ ಬಟ್ಟೆ ನೆನೆಸಿಬಿಡುತ್ತಾಳೆ.