ಅಪ್ಪನ ಎಡಗಣ್ಣಿನ ಆಪರೇಷನ್ ವಿಷಯ ಫೋನ್ ಮಾಡಿದವನಿಗೆ ಹೇಗೆ ಗೊತ್ತು?

ತಿಪಟೂರಿನ ಮಗಳು:
ಅಪ್ಪ ನಿವೃತ್ತ ಮೇಷ್ಟ್ರು. ಮೊನ್ನೆ ಬೆಳಿಗ್ಗೆ ಅವರಿಗೊಂದು ಫೋನ್ ಬಂತು. ಒಳ್ಳೇ ಕನ್ನಡ. ‘ಸರ್, ಎಡಗಣ್ಣು ಈಗ ಹೇಗಿದೆ?’ ಅಂತಲೇ ಮಾತು ಶುರು. ಪೊರೆ ತೆಗೆಸಿದ ತಾರೀಖು, ಕ್ಲೇಮ್ ಆದ 38,400 ರೂಪಾಯಿ, ಪಾಲಿಸಿ ನಂಬರ್ ಎಲ್ಲ ಅವನೇ ಹೇಳಿದ. ಇನ್ನೂ 6,200 ಬರಬೇಕು, ಓಟಿಪಿ ಹೇಳಿ ಅಂದ. ಅಪ್ಪ ಕನ್ನಡಕ ಹುಡುಕುತ್ತಿದ್ದರು, ಓದಿ ಹೇಳೋಕೆ! ಅಮ್ಮ ಒಳಗಿಂದ ಬಂದು, ‘ಕೊಡೋರು ಯಾಕ್ರೀ ಓಟಿಪಿ ಕೇಳ್ತಾರೆ?’ ಅಂತ ಫೋನ್ ಕಿತ್ತುಕೊಂಡಳು. ದುಡ್ಡು ಉಳಿಯಿತು.

ಆಮೇಲೆ ಅಪ್ಪನ ಮೇಲ್ ತೆಗೆದು ನೋಡಿದರೆ, ವಿಮಾ ಕಂಪನಿಯ ಪತ್ರ ಹನ್ನೊಂದು ದಿನದಿಂದ ಸ್ಪ್ಯಾಮ್‌ನಲ್ಲಿ ಬಿದ್ದಿದೆ. ಅವರ ಸಿಸ್ಟಂಗೆ ಯಾರೋ ನುಗ್ಗಿದ್ದರಂತೆ, ಪಾಸ್‌ವರ್ಡ್ ಬದಲಾಯಿಸಬೇಕಂತೆ. ಪಾಸ್‌ವರ್ಡ್ ಬದಲಾಯಿಸಬಹುದು. ಹುಟ್ಟಿದ ತಾರೀಖು, ಆಧಾರ್ ನಂಬರ್, ಕಣ್ಣು ಬದಲಾಯಿಸೋಕೆ ಆಗುತ್ತಾ? ಕಂಪನಿಗೆ ಫೋನ್ ಮಾಡಿದೆ. ‘ನಿಮಗೆ ನಷ್ಟ ಆಗಿಲ್ಲವಲ್ಲ ಮೇಡಂ’ ಅಂದರು. ನಷ್ಟ ಆಗೋವರೆಗೂ ನಮಗೇನೂ ಹಕ್ಕಿಲ್ವಾ?

ಕೌಂಟರ್ ನಂಬರ್ 3:
ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಹಕ್ಕಿನ ಮಾತು ತಿಳಿದವರು ಹೇಳಲಿ. ಮೊದಲು ನಿಮ್ಮ ತಾಯಿಗೊಂದು ನಮಸ್ಕಾರ. ಬರೀ ಮಾಹಿತಿ ಸೋರಿಕೆಯಿಂದ ದುಡ್ಡು ಹೋದರೆ, ಅಂದರೆ ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಅನ್ನುವಾಗ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಇಲ್ಲ. ರಿಸರ್ವ್ ಬ್ಯಾಂಕ್ ಈ ನಿಯಮ ತಂದದ್ದು 2017ರ ಜುಲೈ 6ರ ಸುತ್ತೋಲೆಯಲ್ಲಿ. ಆದರೆ ಓಟಿಪಿ ನಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದ ದುಡ್ಡು ನಮ್ಮ ತಲೆ ಮೇಲೆ. ಹಾಗಾಗಿಯೇ ಅವರು ಕಣ್ಣಿನ ಯೋಗಕ್ಷೇಮ ಕೇಳಿ ನಂಬಿಸೋದು.

ಇವತ್ತೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಅಪ್ಪನ ಬಯೋಮೆಟ್ರಿಕ್ ಲಾಕ್ ಮಾಡಿ. ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವ ವ್ಯವಸ್ಥೆ ಇದೆಯಲ್ಲ, ಅದು ಓಟಿಪಿ ಕೇಳಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರದ ಬೆರಳಚ್ಚು ಕದ್ದು ಖಾತೆ ಬರಿದು ಮಾಡಿದ್ದು ಹೀಗೆಯೇ. ಪಿಂಚಣಿಗೆ ಜೀವನ ಪ್ರಮಾಣ ಪತ್ರ ಮಾಡಿಸುವ ದಿನ ಲಾಕ್ ತೆಗೆದರಾಯಿತು.

ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ಅವರ ಹೆಸರಲ್ಲಿ ಎಷ್ಟು ಸಿಮ್ ಇವೆ ನೋಡಿ. ಬಂದ ಕಾಲ್‌ನ ನಂಬರ್ ಅಲ್ಲೇ ‘ಚಕ್ಷು’ ಅನ್ನುವ ದೂರಿನ ವಿಭಾಗದಲ್ಲಿ ಕೊಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಸರಿಗೆ ಸಾಲಗಾರ:
ಕ್ರೆಡಿಟ್ ರಿಪೋರ್ಟ್, ಅಂದರೆ ನಮ್ಮ ಹೆಸರಿನ ಸಾಲಗಳ ದಾಖಲೆ, ಮರೆಯಬೇಡಿ. ನನ್ನ ಹೆಸರಲ್ಲಿ ಯಾರೋ 24,000ದ ಆ್ಯಪ್ ಸಾಲ ತೆಗೆದಿದ್ದು ಬೈಕ್ ಲೋನ್ ತಿರಸ್ಕಾರ ಆದ ದಿನ ಗೊತ್ತಾಯಿತು. ಈ ರಿಪೋರ್ಟ್ ಕೊಡುವ ಕಂಪನಿಗಳು ಸಿಬಿಲ್ ಸೇರಿ ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೆ ಒಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು. ತಪ್ಪು ಸಾಲ ಕಂಡು ದೂರು ಕೊಟ್ಟ ಮೇಲೆ 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ನನಗೆ ಅದೂ ಸಿಗಲಿಲ್ಲ, 29ನೇ ದಿನ ಸರಿಮಾಡಿಬಿಟ್ಟರು!

ಕರಿಕೋಟು:
ದಾವಣಗೆರೆಯಲ್ಲಿ ವಕೀಲಿಕೆ. ‘ನಷ್ಟ ಆಗಿಲ್ಲವಲ್ಲ’ ಅನ್ನೋದು ಅರ್ಧ ಸತ್ಯ. ವೈದ್ಯಕೀಯ ದಾಖಲೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಡಿಯ 2011ರ ನಿಯಮದ ಪ್ರಕಾರ ಸೂಕ್ಷ್ಮ ಮಾಹಿತಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಕೊಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಏನೇನು ಸೋರಿದೆ, ಎಂದು ಸೋರಿತು, ಎರಡೇ ಪ್ರಶ್ನೆ ಸಾಕು. ಫೋನಿನಲ್ಲಿ ಮಾತ್ರ ಬೇಡ. ಸ್ಪ್ಯಾಮ್‌ನಲ್ಲಿದ್ದ ಆ ಮೇಲ್ ಅಳಿಸಬೇಡಿ, ಅದೇ ನಿಮ್ಮ ಸಾಕ್ಷಿ. ಉತ್ತರ ಬರದಿದ್ದರೆ ವಿಮಾ ನಿಯಂತ್ರಕರ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ಹಾಕಿ.

ಪರಿಹಾರದ ಹಣ ಬೇಕೆಂದರೆ ಐಟಿ ಕಾಯ್ದೆಯ ಸೆಕ್ಷನ್ 43ಎ ಇದೆ. ಐದು ಕೋಟಿವರೆಗಿನ ಅರ್ಜಿಯನ್ನು ರಾಜ್ಯದ ಐಟಿ ಕಾರ್ಯದರ್ಶಿಯವರೇ ಕೇಳುತ್ತಾರೆ. ಆದರೆ ಕಂಪನಿಯ ಅಜಾಗ್ರತೆಯನ್ನೂ ನಿಮ್ಮ ನಷ್ಟವನ್ನೂ ತೋರಿಸಬೇಕು, ಅಲ್ಲೇ ನಿಮ್ಮ ಕೇಸು ತೆಳುವಾಗೋದು. 2023ರ ಹೊಸ ಡೇಟಾ ರಕ್ಷಣೆ ಕಾಯ್ದೆಯ ಮುಖ್ಯ ಭಾಗ ಜಾರಿಗೆ ಬರೋದು 2027ರ ಮೇ ತಿಂಗಳಿಗೆ. ಆಗ ಸೋರಿಕೆಯಾದರೆ ಪ್ರತಿಯೊಬ್ಬರಿಗೂ ತಡ ಮಾಡದೆ ತಿಳಿಸಲೇಬೇಕು, ಭದ್ರತೆ ಕಾಯದಿದ್ದರೆ 250 ಕೋಟಿವರೆಗೆ ದಂಡ. ಹಣ ಮಾತ್ರ ಸರ್ಕಾರದ ಬೊಕ್ಕಸಕ್ಕೆ, ನಿಮ್ಮಪ್ಪನಿಗಲ್ಲ. ಜೊತೆಗೆ 43ಎ ಕೂಡ ಅವತ್ತೇ ಹೋಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ.

ತಿಪಟೂರಿನ ಮಗಳು:
ಲಾಕ್ ಮಾಡಿದೆ. ಅಪ್ಪನ ಹೆಸರಲ್ಲಿ ಮೂರು ಸಿಮ್ ಇವೆ, ಒಂದು ನಮ್ಮದಲ್ಲ! ಅಲ್ಲೇ ‘ನನ್ನ ನಂಬರ್ ಅಲ್ಲ’ ಅಂತ ಒತ್ತಿದ್ದೇನೆ. ಪತ್ರ ಅಪ್ಪನೇ ಬರೆದರು, ಎರಡು ಪುಟ, ಕಂಪನಿಯ ಮೇಲ್‌ನಲ್ಲಿದ್ದ ವ್ಯಾಕರಣದ ತಪ್ಪುಗಳನ್ನೂ ಸೇರಿಸಿ. ಅದನ್ನು ತೆಗೆಸೋಕೆ ಸಾಕಾಯಿತು.

ಬಲಗಣ್ಣಿಗೂ ಪೊರೆ ಬಂದಿದೆ. ವಿಮಾ ಕಾರ್ಡ್ ತಗೊಂಡು ಹೋಗೋಣ ಅಂದರೆ ಕೇಳುತ್ತಿಲ್ಲ. ‘ಇದೊಂದು ಕಣ್ಣು ಕೈಯಿಂದ ದುಡ್ಡು ಕೊಟ್ಟೇ ಮಾಡಿಸ್ಕೋತೀನಿ, ಊರಿಗೆಲ್ಲ ಗೊತ್ತಾಗೋದು ಬೇಡ’ ಅಂತಾರೆ.