ಲಾ ರಿಪೋರ್ಟ್ ಭಾಗಗಳು ಬಂದಿಲ್ಲ, ಪ್ರಕಾಶಕರಿಂದ ಉತ್ತರವೂ ಇಲ್ಲ

ಪ್ರಶ್ನೆ: ಕಾನೂನು ಕಾಲೇಜಿನ ಗ್ರಂಥಾಲಯ. ಕೋರ್ಟ್ ತೀರ್ಪುಗಳನ್ನು ಭಾಗ ಭಾಗವಾಗಿ ಪ್ರಕಟಿಸುವ ಲಾ ರಿಪೋರ್ಟ್‌ಗೆ ವರ್ಷದ ಚಂದಾ ಮುಂಗಡ ಕಟ್ಟಿಯಾಗಿದೆ, ಭಾಗ 14, 15 ಬಂದಿಲ್ಲ. ಮೇಲ್ ಹಾಕಿದರೆ ಟಿಕೆಟ್ ನಂಬರ್ ಬರುತ್ತದೆ, ಅಷ್ಟೇ. ಭಾಗಗಳನ್ನು ಸೇರಿಸಿ ಸಂಪುಟ ಮಾಡುವ ಬೈಂಡಿಂಗ್ ನಿಂತಿದೆ.

ಉತ್ತರ 1: ಇನ್‌ವಾಯ್ಸ್‌ನ ಷರತ್ತು ಓದಿ. ಕ್ಲೇಮ್‌ಗೆ (ಬಾರದ ಭಾಗ ಕೇಳಿ ಬರೆಯುವುದಕ್ಕೆ) ಸಾಮಾನ್ಯವಾಗಿ ಗಡುವು ಇರುತ್ತದೆ. ದಾಟಿದರೆ ‘ಸ್ಟಾಕ್ ಇಲ್ಲ’ ಅಂತ ಕೈತೊಳೆದುಕೊಳ್ಳುತ್ತಾರೆ. ‘ಸಂಚಿಕೆ ಬಂದಿಲ್ಲ’ ಅಂತಷ್ಟೇ ಬರೆಯಬೇಡಿ. ಭಾಗ 13 ಪುಟ 832ಕ್ಕೆ ಮುಗಿದು, 16 ಪುಟ 961ಕ್ಕೆ ಶುರುವಾಗಿದ್ದರೆ ‘833–960 ಬಾಕಿ’ ಎಂದು ಬರೆಯಿರಿ. ಚಂದಾ ಸಂಖ್ಯೆ, ಪಿನ್‌ಕೋಡ್ ಸಮೇತ ವಿಳಾಸವೂ ಇರಲಿ. ವಿಳಾಸ ತಪ್ಪಿದ್ದರೆ ಮತ್ತೆ ಕಳಿಸಿದ್ದೂ ಅಲ್ಲಿಗೇ ಹೋಗುತ್ತದೆ! ಸಂಪುಟದ ಸೂಚಿ ಕೈಸೇರುವ ತನಕ ಬೈಂಡಿಗೆ ಕೊಡಬೇಡಿ.

ಉತ್ತರ 2: ಏಜೆಂಟ್ ಮೂಲಕ ಕಟ್ಟಿದ್ದಾ? ಹಾಗಿದ್ದರೆ ದುಡ್ಡು ಪ್ರಕಾಶಕರಿಗೆ ತಲುಪಿದ ರಸೀದಿ ಕೇಳಿ. ಎಷ್ಟೋ ಸಲ ತೊಡಕು ಅಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು: ಹೌದು, ಏಜೆಂಟ್. ರಸೀದಿ ಇಲ್ಲ.

ಉತ್ತರ 3: ಸಪೋರ್ಟ್ ಡೆಸ್ಕ್ ಬಿಡಿ, ನವೀಕರಣ ಕೇಳಿಕೊಂಡು ಬರುವ ಮಾರಾಟ ಪ್ರತಿನಿಧಿಯನ್ನು ಹಿಡಿಯಿರಿ. ಬಾಕಿ ಭಾಗ ಅಥವಾ ಕ್ರೆಡಿಟ್ ನೋಟ್ (ಅಷ್ಟು ಹಣ ನಮ್ಮ ಲೆಕ್ಕಕ್ಕೆ ಜಮಾ ಎಂಬ ಪತ್ರ) ಬರದೆ ಬಿಲ್ ಪಾಸಾಗದು ಅಂತ ಲಿಖಿತವಾಗಿ ಹೇಳಿ. ಅಲ್ಲಿಯವರೆಗೆ ಸುಪ್ರೀಂ ಕೋರ್ಟ್ ತೀರ್ಪುಗಳಿಗೆ 2023ರಲ್ಲಿ ಶುರುವಾದ ಇ-ಎಸ್‌ಸಿಆರ್ (ಆ ಕೋರ್ಟಿನದೇ ಆನ್‌ಲೈನ್ ಲಾ ರಿಪೋರ್ಟ್) ಉಚಿತ. ಖಾಸಗಿ ಜರ್ನಲ್‌ನ ಪುಟಸಂಖ್ಯೆ ಅದರಲ್ಲಿ ಸಿಗದು, ತೀರ್ಪು ಉಲ್ಲೇಖಿಸಲು ನ್ಯೂಟ್ರಲ್ ಸೈಟೇಶನ್ (ತೀರ್ಪಿಗೆ ಕೋರ್ಟೇ ಕೊಡುವ ಉಲ್ಲೇಖ ಸಂಖ್ಯೆ) ಬಳಸಿ.